ಶಿಕ್ಷಣ ಹಾಗೂ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಿಂದ ಪದವಿ ಪಡೆದು, ಶಿಕ್ಷಣಶಾಸ್ತ್ರದಲ್ಲಿ ಅಥವಾ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸಬಯಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಈ ಭಾಗದ ಅಭ್ಯರ್ಥಿಗಳು ಸಾಮಾನ್ಯವಾಗಿ ಅಂಕಗಳ ಕೊರತೆಯಿಂದ ಸೀಟು ಕಳೆದುಕೊಳ್ಳುವುದಕ್ಕಿಂತ, ಸಕಾಲದಲ್ಲಿ ಪ್ರಮಾಣಪತ್ರ ಇಲ್ಲದ್ದರಿಂದ ಅಥವಾ ತಮಗೆ ಬೇಕಾದ ಹುದ್ದೆಗೆ ಸಂಬಂಧವಿಲ್ಲದ ಪದವಿಯನ್ನು ಆರಿಸಿಕೊಂಡದ್ದರಿಂದ ಎರಡು ವರ್ಷ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಆದ್ದರಿಂದ ಶುಲ್ಕ ಪಾವತಿಸುವ ಮುನ್ನ ಕೆಳಗಿನ ವಿವರಗಳನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತಾ ಪ್ರಮಾಣ ಶೇ. 59.56, ಅದೇ ವರ್ಷ ರಾಜ್ಯದ ಪ್ರಮಾಣ ಶೇ. 75.36. ಜಿಲ್ಲೆಯ ಮಹಿಳೆಯರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಮಾತ್ರ ಅಕ್ಷರಸ್ಥರಾಗಿದ್ದರು. ಶಿಕ್ಷಕರನ್ನು ತರಬೇತುಗೊಳಿಸುವವರು ಮತ್ತು ಗ್ರಂಥಾಲಯಗಳನ್ನು ನಡೆಸಬಲ್ಲವರು ಇದೇ ನೆಲದಿಂದ ಬರಬೇಕಾದ ಅಗತ್ಯ ಈ ಅಂಕಿಗಳಿಂದಲೇ ತಿಳಿಯುತ್ತದೆ.

ಎರಡು ವಿಷಯಗಳು, ಎರಡು ವಿಭಾಗಗಳು

ಕೆಲವು ದೇಶಗಳಲ್ಲಿ ಈ ಎರಡು ವಿಷಯಗಳನ್ನು ಒಂದೇ ಶಾಲೆಯ ಅಡಿಯಲ್ಲಿ ಬೋಧಿಸಲಾಗುತ್ತದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1994ರಲ್ಲಿ ಶಿಕ್ಷಣ ಮತ್ತು ಮಾಹಿತಿ ಅಧ್ಯಯನಗಳನ್ನು ಒಂದೇ ಸ್ನಾತಕೋತ್ತರ ಶಾಲೆಯಾಗಿ ಒಗ್ಗೂಡಿಸಿತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣ ವಿಭಾಗ ಹಾಗೂ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಅರ್ಹತೆ, ನಿಯಂತ್ರಣ ಸಂಸ್ಥೆ ಹಾಗೂ ಉದ್ಯೋಗದ ದಾರಿ ಕೂಡ ಬೇರೆ. ಒಂದು ವಿಭಾಗಕ್ಕೆ ಸಲ್ಲಿಸಿದ ಅರ್ಜಿಯನ್ನು ಮತ್ತೊಂದಕ್ಕೆ ಪರಿಗಣಿಸಲಾಗುವುದಿಲ್ಲ.

ಮಾಹಿತಿ ವಿಜ್ಞಾನವನ್ನು ಮಾಹಿತಿ ತಂತ್ರಜ್ಞಾನವೆಂದು ತಪ್ಪಾಗಿ ಗ್ರಹಿಸುವವರೂ ಇದ್ದಾರೆ. ರಾಯಚೂರಿಗೆ 2019ರಲ್ಲಿ ಮಂಜೂರಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಎಂಜಿನಿಯರಿಂಗ್ ಸಂಸ್ಥೆಯಾಗಿದ್ದು, ಇಲ್ಲಿ ವಿವರಿಸಿರುವ ವಿಷಯಕ್ಕೆ ಅದು ಸಂಬಂಧಿಸಿದ್ದಲ್ಲ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನವು ಬರಹ, ದಾಖಲೆ ಹಾಗೂ ಗ್ರಂಥಗಳನ್ನು ವರ್ಗೀಕರಿಸುವ, ಸೂಚಿ ಸಿದ್ಧಪಡಿಸುವ, ಸಂರಕ್ಷಿಸುವ ಮತ್ತು ಓದುಗನಿಗೆ ತಲುಪಿಸುವ ಶಾಸ್ತ್ರ.

ಈ ಶಾಸ್ತ್ರದ ಒಂದು ಮುಖ್ಯ ಸಮಸ್ಯೆಗೆ ಮಸ್ಕಿಯೇ ಉತ್ತಮ ನಿದರ್ಶನ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇಶದ ಹಲವೆಡೆ ದೊರೆತ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ ಕಂಡುಬಂದವು. ಅವು ಯಾವ ಅರಸನವು ಎಂಬುದು ಶಾಸನಗಳಿಂದ ನೇರವಾಗಿ ತಿಳಿಯುತ್ತಿರಲಿಲ್ಲ. ಸಿಂಹಳದ ಗ್ರಂಥಗಳ ನೆರವಿನಿಂದ ಅವನು ಅಶೋಕನೆಂದು ವಿದ್ವಾಂಸರು ಊಹಿಸಿದ್ದರು. 1915ರಲ್ಲಿ, ಅಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆಯ ಮೇಲೆ, ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೂ ಇತ್ತು. ನಂತರದ ವರ್ಷಗಳಲ್ಲಿ ಮಧ್ಯಪ್ರದೇಶದ ಗುಜರ್ರಾ ಹಾಗೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತಿದೆ. ಒಬ್ಬನೇ ಕರ್ತೃ ಹಲವು ಹೆಸರುಗಳಿಂದ ಕಾಣಿಸಿಕೊಂಡಾಗ ಅವೆಲ್ಲ ಒಬ್ಬನವೇ ಎಂದು ಪ್ರಮಾಣೀಕರಿಸಿ ಒಂದೆಡೆ ತರುವುದು ಸೂಚೀಕರಣದ ನಿತ್ಯದ ಕೆಲಸ. ಇದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಬೇರೆ ಉದಾಹರಣೆಗಳ ಮೂಲಕ ಕಲಿಯುತ್ತಾರೆ. ಈ ಭಾಗದವರಿಗೆ ಉದಾಹರಣೆ ಊರಿನ ಬೆಟ್ಟದಲ್ಲಿಯೇ ಇದೆ.

ವಿಶ್ವವಿದ್ಯಾಲಯಗಳು

ಈ ಮೂರು ತಾಲ್ಲೂಕುಗಳ ಪದವಿ ಕಾಲೇಜುಗಳು ದೀರ್ಘಕಾಲ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಈ ಸಂಸ್ಥೆ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಕಲಬುರಗಿಯ ಜ್ಞಾನಗಂಗಾ ಆವರಣದಲ್ಲಿ ಶಿಕ್ಷಣ ವಿಭಾಗ ಮತ್ತು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗ ಎರಡೂ ಇವೆ. ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವ 150ಎ ರಾಷ್ಟ್ರೀಯ ಹೆದ್ದಾರಿಯು ಜೇವರ್ಗಿಯವರೆಗೆ ಸಾಗುವುದರಿಂದ, ಕಲಬುರಗಿಗೆ ಹೋಗುವವರು ರಾಯಚೂರನ್ನು ಸುತ್ತಿ ಹೋಗಬೇಕಾಗಿಲ್ಲ.

ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ಪ್ರತ್ಯೇಕವಾಗಿ ಸ್ಥಾಪಿಸಲಾದ ರಾಯಚೂರು ವಿಶ್ವವಿದ್ಯಾಲಯವು 2021ರಿಂದ ಯರಗೇರಾದಲ್ಲಿ ಕಾರ್ಯನಿರ್ವಹಿಸುತ್ತಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಹಿಂದಿನ ಸ್ನಾತಕೋತ್ತರ ಕೇಂದ್ರವೇ ಅದರ ಆವರಣ. ಈ ವಿಶ್ವವಿದ್ಯಾಲಯಕ್ಕೆ ಈಗ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ ಎಂಬ ಹೆಸರಿದೆ. ಹಳೆಯ ಹೆಸರಿನಲ್ಲಿ ನೀಡಿರುವ ಅಂಕಪಟ್ಟಿಗಳನ್ನು ಹೊಸ ಹೆಸರಿನಲ್ಲಿ ಬದಲಾಯಿಸಿಕೊಳ್ಳಬೇಕೆಂಬ ತಿಳಿವಳಿಕೆ ಸರಿಯಲ್ಲ. ಆಯಾ ವರ್ಷ ಯಾವ ವಿಭಾಗಗಳಲ್ಲಿ ಎಷ್ಟು ಸೀಟುಗಳಿಗೆ ಪ್ರವೇಶವಿದೆ ಎಂಬುದನ್ನು ಆ ವರ್ಷದ ಪ್ರವೇಶ ಅಧಿಸೂಚನೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಅರ್ಜಿಗಳನ್ನು ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶದಲ್ಲಿ ಸ್ವೀಕರಿಸಲಾಗುತ್ತಿದೆ.

ಮಹಿಳಾ ಅಭ್ಯರ್ಥಿಗಳಿಗೆ ವಿಜಯಪುರದ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇನ್ನೊಂದು ಆಯ್ಕೆ. 2003ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯದಲ್ಲಿಯೂ ಈ ಎರಡು ವಿಭಾಗಗಳಿವೆ. ಸಿಂಧನೂರಿನಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದ್ದರೂ, ಕೇಂದ್ರದಲ್ಲಿ ಲಭ್ಯವಿರುವ ವಿಷಯಗಳು ಮುಖ್ಯ ಆವರಣದ ಎಲ್ಲ ವಿಷಯಗಳಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಎರಡೂ ವಿಭಾಗಗಳಿದ್ದು, 2024ರ ಮಾರ್ಚ್ ತಿಂಗಳಿನಲ್ಲಿ ಸಿಂಧನೂರಿಗೆ ರೈಲು ಬಂದ ನಂತರ ಹುಬ್ಬಳ್ಳಿ ಕಡೆಯ ಪ್ರಯಾಣ ಸುಲಭವಾಗಿದೆ.

ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಬಗ್ಗೆ ಈ ಭಾಗದಲ್ಲಿ ತಿಳಿದವರು ಕಡಿಮೆ. ಇದನ್ನು 1962ರಲ್ಲಿ ಎಸ್.ಆರ್. ರಂಗನಾಥನ್ ಅವರು ಸ್ಥಾಪಿಸಿದರು. ಇಲ್ಲಿನ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಅಖಿಲ ಭಾರತ ಮಟ್ಟದ ಪರೀಕ್ಷೆಯ ಮೂಲಕ ಪ್ರವೇಶ ನೀಡಲಾಗುತ್ತದೆ. ಬೋಧನಾ ಶುಲ್ಕ ವಿಧಿಸದೆ ಮಾಸಿಕ ವಿದ್ಯಾರ್ಥಿ ವೇತನ ನೀಡುವ ಪದ್ಧತಿ ಇಲ್ಲಿ ನಡೆದುಬಂದಿದೆ. ಆಯಾ ವರ್ಷದ ನಿಬಂಧನೆಗಳನ್ನು ಪ್ರಕಟಣೆಯಲ್ಲಿ ಪರಿಶೀಲಿಸತಕ್ಕದ್ದು. ಯಾವುದೇ ವಿಷಯದ ಪದವೀಧರರು ಪ್ರಯತ್ನಿಸಬಹುದು. ಪರೀಕ್ಷೆ ಕಠಿಣವಾದರೂ, ಮನೆಯಿಂದ ಹಣ ತರಲಾಗದ ಅಭ್ಯರ್ಥಿಯು ಅರ್ಜಿಯನ್ನೇ ಹಾಕದೆ ಬಿಡುವುದು ಸರಿಯಲ್ಲ.

ಎಂ.ಇಡಿ. ಪದವಿ ಯಾರಿಗೆ ಅಗತ್ಯ

ಶಾಲಾ ಶಿಕ್ಷಕ ಹುದ್ದೆಗೆ ಎಂ.ಇಡಿ. ಪದವಿ ಕಡ್ಡಾಯವಲ್ಲ. 6ರಿಂದ 8ನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗೆ ಪದವಿ, ನಿಗದಿತ ಶಿಕ್ಷಕ ತರಬೇತಿ ಹಾಗೂ ಶಿಕ್ಷಕರ ಅರ್ಹತಾ ಪರೀಕ್ಷೆಯ ಉತ್ತೀರ್ಣತೆ ಬೇಕು. ಪ್ರೌಢಶಾಲೆಗೆ ಪದವಿ ಮತ್ತು ಬಿ.ಇಡಿ.; ಪದವಿ ಪೂರ್ವ ಉಪನ್ಯಾಸಕ ಹುದ್ದೆಗೆ ಸಂಬಂಧಿತ ವಿಷಯದ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ. ಆದುದರಿಂದ ಊರಿನ ಶಾಲೆಯಲ್ಲಿ ಶಿಕ್ಷಕರಾಗುವುದೇ ಉದ್ದೇಶವಾಗಿದ್ದಲ್ಲಿ, ಎಂ.ಇಡಿ.ಗೆ ವ್ಯಯಿಸುವ ಎರಡು ವರ್ಷಗಳನ್ನು ಅರ್ಹತಾ ಪರೀಕ್ಷೆ ಹಾಗೂ ನೇಮಕಾತಿ ಪರೀಕ್ಷೆಯ ಸಿದ್ಧತೆಗೆ ಬಳಸುವುದು ಹೆಚ್ಚು ಪ್ರಯೋಜನಕರ. ಎಂ.ಇಡಿ. ಪದವಿಯು ಮುಖ್ಯವಾಗಿ ಶಿಕ್ಷಕರ ಶಿಕ್ಷಕರಾಗಬಯಸುವವರಿಗೆ, ಅಂದರೆ ಬಿ.ಇಡಿ. ಹಾಗೂ ಡಿ.ಎಲ್.ಇಡಿ. ಸಂಸ್ಥೆಗಳ ಬೋಧಕರಾಗಬಯಸುವವರಿಗೆ, ಮತ್ತು ಸಂಶೋಧನೆಗೆ ಹೋಗುವವರಿಗೆ ಇರುವ ವ್ಯಾಸಂಗ.

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಇಡಿ. ಹಾಗೂ ಎಂ.ಇಡಿ. ಎರಡೂ ತಲಾ ಎರಡು ವರ್ಷಗಳ ವ್ಯಾಸಂಗಗಳಾದವು. ಎಂ.ಇಡಿ. ಪ್ರವೇಶಕ್ಕೆ ಬಿ.ಇಡಿ. ಪದವಿಯಲ್ಲಿ ಕನಿಷ್ಠ ಶೇ. 50 ಅಂಕಗಳಿರಬೇಕು, ಮೀಸಲಾತಿ ವರ್ಗಗಳಿಗೆ ನಿಯಮಾನುಸಾರ ಸಡಿಲಿಕೆ ಇರುತ್ತದೆ. ಬಿ.ಇಡಿ. ಇಲ್ಲದಿದ್ದರೂ, ಪದವಿಯೊಂದಿಗೆ ಡಿ.ಎಲ್.ಇಡಿ. ಪೂರೈಸಿ ಎರಡರಲ್ಲಿಯೂ ಶೇ. 50 ಅಂಕ ಪಡೆದವರು ಸದರಿ ನಿಯಮಗಳಡಿ ಅರ್ಹರು. ಯರಮರಸ್‌ನಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಅಥವಾ ಇತರೆಡೆ ಡಿ.ಎಲ್.ಇಡಿ. ಮುಗಿಸಿ ನಂತರ ಪದವಿ ಪಡೆದ ಅನೇಕರಿಗೆ ಈ ಅವಕಾಶ ತಿಳಿದಿರುವುದಿಲ್ಲ. ತರಗತಿಗಳಿಗೆ ಶೇ. 80 ಹಾಗೂ ಕ್ಷೇತ್ರ ಕಾರ್ಯಕ್ಕೆ ಶೇ. 90 ಹಾಜರಾತಿ ಕಡ್ಡಾಯ. ಖಾಸಗಿ ಶಾಲೆಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಲೇ ನಿಯಮಿತ ಎಂ.ಇಡಿ. ಮುಗಿಸಬಹುದೆಂದು ಯಾರಾದರೂ ಭರವಸೆ ನೀಡಿದಲ್ಲಿ, ಆ ಭರವಸೆಯನ್ನು ಈ ಎರಡು ಅಂಕಿಗಳೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಪರಿಷತ್ತು 2025ರಲ್ಲಿ ಹೊಸ ಕರಡು ನಿಯಮಗಳನ್ನು ಪ್ರಕಟಿಸಿದ್ದು, ಒಂದು ವರ್ಷದ ಬಿ.ಇಡಿ. ಮತ್ತು ಎಂ.ಇಡಿ. ವ್ಯಾಸಂಗಗಳ ಪ್ರಸ್ತಾಪ ಅದರಲ್ಲಿದೆ. ಕರಡಿನ ಆಧಾರದ ಮೇಲೆ ಪ್ರವೇಶ ಪಡೆಯಬಾರದು. ಜಾರಿಯಲ್ಲಿರುವ ನಿಯಮವನ್ನೇ ಅನುಸರಿಸತಕ್ಕದ್ದು.

ಮಾನ್ಯತೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. 1993ರ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು ಅಧಿನಿಯಮದ 17ನೇ ಪ್ರಕರಣದ ಮೇರೆಗೆ, ಮಾನ್ಯತೆ ರದ್ದಾದ ನಂತರ ಸಂಸ್ಥೆಯೊಂದು ನೀಡುವ ಶಿಕ್ಷಕ ತರಬೇತಿಯ ಅರ್ಹತೆಯು ಸರ್ಕಾರಿ ಹಾಗೂ ಸರ್ಕಾರದ ನೆರವು ಪಡೆದ ಸಂಸ್ಥೆಗಳ ಉದ್ಯೋಗಕ್ಕೆ ಸಿಂಧುವಾಗುವುದಿಲ್ಲ. ಕಟ್ಟಡ, ಫಲಕ, ಜಾಹೀರಾತು ಇವು ಮಾನ್ಯತೆಯ ಪುರಾವೆಗಳಲ್ಲ. ಪರಿಷತ್ತಿನ ದಕ್ಷಿಣ ಪ್ರಾದೇಶಿಕ ಸಮಿತಿಯ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ವ್ಯಾಸಂಗದ ಹೆಸರು ಮತ್ತು ಮಂಜೂರಾದ ಪ್ರವೇಶ ಸಂಖ್ಯೆ ಮೂರೂ ಇವೆಯೇ ಎಂದು ನೋಡಬೇಕು. ಬಿ.ಇಡಿ.ಗೆ ಮಾನ್ಯತೆ ಇರುವ ಸಂಸ್ಥೆಗೆ ಎಂ.ಇಡಿ.ಗೂ ಮಾನ್ಯತೆ ಇರುತ್ತದೆ ಎಂದು ಭಾವಿಸಬಾರದು. ಶಿಕ್ಷಣ ವಿಷಯದ ಎಂ.ಎ. ಬೇರೆಯದೇ ಪದವಿ, ಅದು ಬಿ.ಇಡಿ.ಗೆ ಪರ್ಯಾಯವಲ್ಲ.

ದೂರಶಿಕ್ಷಣದ ಬಿ.ಇಡಿ. ಎಲ್ಲರಿಗೂ ತೆರೆದಿಲ್ಲ. ಈಗಾಗಲೇ ಮಾನ್ಯತೆ ಪಡೆದ ಶಿಕ್ಷಕ ತರಬೇತಿಯನ್ನು ನಿಯಮಿತವಾಗಿ ಪೂರೈಸಿದವರಿಗೆ ಮತ್ತು ಸೇವೆಯಲ್ಲಿರುವ ತರಬೇತಿ ಹೊಂದಿದ ಪ್ರಾಥಮಿಕ ಶಿಕ್ಷಕರಿಗೆ ಮಾತ್ರ ಅದು ಸೀಮಿತ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರಲಿಲ್ಲ. 2018ರಲ್ಲಿ ಪುನಃ ದೊರೆಯಿತು. ದೂರಶಿಕ್ಷಣದಲ್ಲಿ ಸಂಸ್ಥೆಯ ಮಾನ್ಯತೆಯ ಜೊತೆಗೆ, ತಾವು ಪ್ರವೇಶ ಪಡೆಯುವ ವರ್ಷಕ್ಕೆ ಮತ್ತು ವ್ಯಾಸಂಗಕ್ಕೆ ಮಾನ್ಯತೆ ಇದೆಯೇ ಎಂಬುದನ್ನೂ ನೋಡಬೇಕೆಂಬುದಕ್ಕೆ ಈ ಅವಧಿಯೇ ಕಾರಣ.

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ

ಈ ವ್ಯಾಸಂಗಕ್ಕೆ ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ಪದವಿ ಸಾಕು. ರಾಜ್ಯದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಇದು ಎರಡು ವರ್ಷದ ಸಂಯುಕ್ತ ಸ್ನಾತಕೋತ್ತರ ಪದವಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೊದಲು ಒಂದು ವರ್ಷದ ಗ್ರಂಥಾಲಯ ವಿಜ್ಞಾನ ಪದವಿ, ನಂತರ ಒಂದು ವರ್ಷದ ಸ್ನಾತಕೋತ್ತರ ಪದವಿ ಎಂಬ ಕ್ರಮವಿದೆ. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅರ್ಜಿ ಸಲ್ಲಿಸಲಾಗದು.

ಪದವಿ ಕಾಲೇಜಿನ ಗ್ರಂಥಪಾಲಕ ಹಾಗೂ ವಿಶ್ವವಿದ್ಯಾಲಯದ ಸಹಾಯಕ ಗ್ರಂಥಪಾಲಕ ಹುದ್ದೆಗಳಿಗೆ ಅನುದಾನ ಆಯೋಗದ 2018ರ ನಿಯಮಗಳ ಮೇರೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಹಾಗೂ ಎನ್.ಇ.ಟಿ. ಅಥವಾ ಕೆ-ಸೆಟ್ ಉತ್ತೀರ್ಣತೆ ಬೇಕು. ಪ್ರವೇಶಕ್ಕೆ ಸಾಕಾಗುವ ಶೇ. 50 ಅಂಕಗಳೊಂದಿಗೆ ಮುಗಿಸಿದವರು ಈ ಹುದ್ದೆಗಳ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ. ಮೀಸಲಾತಿ ವರ್ಗಗಳಿಗೆ ಶೇ. 5ರ ಸಡಿಲಿಕೆ ಇದೆ. ಎನ್.ಇ.ಟಿ. ಪರೀಕ್ಷೆಯಲ್ಲಿ ಶಿಕ್ಷಣ ವಿಷಯದ ಸಂಖ್ಯೆ 09, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸಂಖ್ಯೆ 59; ಅರ್ಜಿ ತುಂಬುವಾಗ ಸಂಖ್ಯೆಯನ್ನು ತಪ್ಪಾಗಿ ನಮೂದಿಸದಂತೆ ನೋಡಿಕೊಳ್ಳತಕ್ಕದ್ದು.

ಸಾರ್ವಜನಿಕ ಗ್ರಂಥಾಲಯಗಳ ವ್ಯವಸ್ಥೆಗೆ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವೇ ಆಧಾರ. ಆಸ್ತಿ ತೆರಿಗೆಯೊಂದಿಗೆ ಶೇ. 6ರ ಗ್ರಂಥಾಲಯ ಕರ ವಸೂಲಾಗುವುದು ಇದರ ಅನ್ವಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾಗಿ, ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತಿವೆ. ಅಲ್ಲಿನ ಮೇಲ್ವಿಚಾರಕ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕಿಲ್ಲ. ಊರಿನ ಗ್ರಂಥಾಲಯದ ಕೆಲಸಕ್ಕಾಗಿಯೇ ಎರಡು ವರ್ಷ ಹೊರಗಿದ್ದು ಓದಬೇಕೆಂದು ತಿಳಿದವರು ಇದನ್ನು ಗಮನಿಸಬೇಕು.

371(ಜೆ) ಅರ್ಹತಾ ಪ್ರಮಾಣಪತ್ರ

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 371(ಜೆ) ವಿಧಿಯು, ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರಿಗೆ ಶಿಕ್ಷಣ ಸಂಸ್ಥೆಗಳಲ್ಲಿಯೂ ಉದ್ಯೋಗದಲ್ಲಿಯೂ ಪಾಲು ಕಾಯ್ದಿರಿಸುತ್ತದೆ. 2013ರ ಆದೇಶಗಳ ಪ್ರಕಾರ ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟುಗಳು ಹಾಗೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಉದ್ಯೋಗದಲ್ಲಿ ಪ್ರದೇಶದ ಗ್ರೂಪ್ ಬಿ ಹುದ್ದೆಗಳಲ್ಲಿ ಶೇ. 75, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಹಾಗೂ ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 85 ಮೀಸಲಾತಿ ಇದೆ. ಕಲಬುರಗಿ ಅಥವಾ ಯರಗೇರಾದಲ್ಲಿ ಅರ್ಜಿ ಸಲ್ಲಿಸುವ ಈ ತಾಲ್ಲೂಕುಗಳ ಅಭ್ಯರ್ಥಿಗೆ ಈ ಒಂದು ಪತ್ರದಷ್ಟು ನೆರವಾಗುವ ಮತ್ತೊಂದು ದಾಖಲೆ ಇಲ್ಲ.

ಪ್ರಮಾಣಪತ್ರವನ್ನು ನೀಡುವ ಅಧಿಕಾರ ತಹಶೀಲ್ದಾರರಿಗಲ್ಲ, ಉಪವಿಭಾಗದ ಸಹಾಯಕ ಆಯುಕ್ತರಿಗೆ ಇರುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಲಿಂಗಸುಗೂರು ಉಪವಿಭಾಗಕ್ಕೆ ಸೇರಿವೆ. ರಾಯಚೂರಿಗೆ ಹೋಗಬೇಕಾದ ಅಗತ್ಯವಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿದ ನಂತರ ಗ್ರಾಮ ಮಟ್ಟದ ವರದಿ, ತಹಶೀಲ್ದಾರರ ಕಚೇರಿಯ ಪರಿಶೀಲನೆ ಮುಗಿದು ಕಡತ ಲಿಂಗಸುಗೂರು ತಲುಪಲು ಸಮಯ ಹಿಡಿಯುವುದರಿಂದ, ಪ್ರವೇಶ ಅಧಿಸೂಚನೆ ಪ್ರಕಟವಾದ ಮೇಲೆ ಅರ್ಜಿ ಹಾಕಿದರೆ ಕೊನೆಯ ದಿನಾಂಕದೊಳಗೆ ಪತ್ರ ಕೈ ಸೇರದಿರಬಹುದು. ಅಂತಿಮ ಸೆಮಿಸ್ಟರ್ ಪರೀಕ್ಷೆಗೆ ಕುಳಿತಿರುವಾಗಲೇ ಅರ್ಜಿ ಸಲ್ಲಿಸುವುದು ಸೂಕ್ತ.

ಅರ್ಜಿದಾರರಲ್ಲಿ ಗೊಂದಲ ಮೂಡಿಸುವ ಕೆಲವು ಅಂಶಗಳಿವೆ. ಪ್ರದೇಶಕ್ಕೆ 2019ರ ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಗಿದೆ. ಸಂವಿಧಾನದ ವಿಧಿಯಲ್ಲಿಯೂ 2013ರ ಆದೇಶಗಳಲ್ಲಿಯೂ ಹೈದರಾಬಾದ್-ಕರ್ನಾಟಕ ಎಂಬ ಹೆಸರೇ ಇದೆ. ಪತ್ರದಲ್ಲಿ ಹಳೆಯ ಹೆಸರಿದ್ದರೆ ಅದು ದೋಷವಲ್ಲ. ಮಸ್ಕಿ ತಾಲ್ಲೂಕು 2018ರಲ್ಲಿ ಕಾರ್ಯಾರಂಭ ಮಾಡಿದ್ದು, ಅದಕ್ಕೂ ಮುನ್ನ ಅದರ ಗ್ರಾಮಗಳು ಲಿಂಗಸುಗೂರು, ಸಿಂಧನೂರು ಹಾಗೂ ಮಾನ್ವಿ ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದವು. ಹೀಗಾಗಿ ಒಬ್ಬನೇ ಅಭ್ಯರ್ಥಿಯ ಜನನ ಪತ್ರದಲ್ಲಿ ಲಿಂಗಸುಗೂರು ತಾಲ್ಲೂಕು, ಆಧಾರ್‌ನಲ್ಲಿ ಮಸ್ಕಿ ತಾಲ್ಲೂಕು ಎಂದಿರುವುದು ಸಹಜ. ಗ್ರಾಮದ ಹೆಸರು ಎಲ್ಲ ದಾಖಲೆಗಳಲ್ಲಿ ಒಂದೇ ಇದ್ದಲ್ಲಿ, ತಾಲ್ಲೂಕು ಬದಲಾವಣೆಯನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ವಿವರಿಸಿದರೆ ಕಡತ ಹಿಂತಿರುಗುವುದು ತಪ್ಪುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ನಂತರ ಬೇರೆ ಕಡೆಯಿಂದ ಬಂದು ಸಿಂಧನೂರು ಭಾಗದ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು, ತಮಗೆ ಈ ಸೌಲಭ್ಯ ಇಲ್ಲವೆಂದು ತಾವೇ ತೀರ್ಮಾನಿಸಿಕೊಳ್ಳಬಾರದು. ವಿಧಿಯಲ್ಲಿರುವ ಆಧಾರಗಳು ಜನನ ಮತ್ತು ವಾಸ, ಮನೆಮಾತು ಅಲ್ಲ. ಇಲ್ಲಿಯೇ ಹುಟ್ಟಿದವರು ಜನನ ಪತ್ರ ಹಾಗೂ ಶಾಲಾ ವ್ಯಾಸಂಗ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಬಹುದು.

ಇತರ ದಾಖಲೆಗಳು ಮತ್ತು ಸೌಲಭ್ಯಗಳು

ಅಂಕಪಟ್ಟಿಯ ಮೇಲ್ಭಾಗದಲ್ಲಿ ಮುದ್ರಿತವಾಗಿರುವ ವಿಶ್ವವಿದ್ಯಾಲಯದ ಹೆಸರನ್ನು ನೋಡಿಕೊಳ್ಳಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು ಯರಗೇರಾದಲ್ಲಿ ಅಥವಾ ಬೇರೆ ವಿಶ್ವವಿದ್ಯಾಲಯದಲ್ಲಿ ಸೇರುವಾಗ ವಲಸೆ ಪ್ರಮಾಣಪತ್ರ ಹಾಜರುಪಡಿಸಬೇಕಾಗುತ್ತದೆ. ಅದನ್ನು ಕಲಬುರಗಿಯಿಂದಲೇ ಪಡೆಯಬೇಕು. ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಹಿಂದುಳಿದ ವರ್ಗಗಳ ಆದಾಯ ಸಹಿತ ಪತ್ರದ ಅವಧಿ ಐದು ವರ್ಷವಾಗಿದ್ದು, ಪಿಯುಸಿ ಸಮಯದಲ್ಲಿ ಪಡೆದ ಪತ್ರ ಸ್ನಾತಕೋತ್ತರ ಪ್ರವೇಶದ ವೇಳೆಗೆ ಮುಗಿದಿರುವ ಸಾಧ್ಯತೆ ಇದೆ.

ವಿದ್ಯಾರ್ಥಿ ವೇತನಕ್ಕೆ ರಾಜ್ಯ ವಿದ್ಯಾರ್ಥಿ ವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವಿದ್ಯಾರ್ಥಿನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ ಮತ್ತು ವಸತಿ ನೆರವು ಇದೆ. ಈ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಬ್ಯಾಂಕಿನಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಮೇರೆಗೆ ಮಹಿಳೆಯರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಆದರೂ ಲಿಂಗಸುಗೂರು ಅಥವಾ ಸಿಂಧನೂರಿನಿಂದ ಯರಗೇರಾಕ್ಕೆ ದಿನನಿತ್ಯ ಹೋಗಿಬರುವುದು ಕಾರ್ಯಸಾಧ್ಯವಲ್ಲ: ರಾಯಚೂರು ತಲುಪಿ, ಅಲ್ಲಿಂದ ಮತ್ತೆ ಸುಮಾರು 20 ಕಿ.ಮೀ. ಸಾಗಬೇಕಾಗುತ್ತದೆ, ಮತ್ತು ಮೇಲೆ ತಿಳಿಸಿದ ಹಾಜರಾತಿ ನಿಯಮ ಬೆಳಗಿನ ಮೊದಲ ತರಗತಿಗೂ ಅನ್ವಯಿಸುತ್ತದೆ. ವಸತಿಯ ಅರ್ಜಿಯನ್ನು ಪ್ರವೇಶದ ಅರ್ಜಿಯೊಂದಿಗೇ ಸಲ್ಲಿಸತಕ್ಕದ್ದು.